ಬಶಿಯಲ್ಲಿ ಅರ್ಧ ಚಹಾ

ನನ್ನ ಮೊಮ್ಮಗಳು ಇವತ್ತು ಒಬ್ಬಳೇ ರೈಲಿನಲ್ಲಿ ಕಲಬುರಗಿಗೆ ಹೋದಳು. ಮನಸ್ಸಿನ ಡಾಕ್ಟರರ ಎದುರು ಕುಳಿತು, ನಿದ್ದೆ ಕೆಡುತ್ತಿದೆ ಎಂದು ತಾನೇ ಬಾಯಿಬಿಟ್ಟು ಹೇಳಿ, ಗುಳಿಗೆ ಬದಲಿಸಿಕೊಂಡು, ಹೊತ್ತು ಮುಳುಗುವ ಮೊದಲು ತಿರುಗಿ ನಮ್ಮ ಸೇಡಂಗೆ ಬಂದಿಳಿದಳು. ಬೇನೆ ಏರುವ ಮೊದಲೇ ಬಂದದ್ದು ಒಳ್ಳೆಯದಾಯಿತು, ಈ ಸಲ ದವಾಖಾನೆಯಲ್ಲಿ ಮಲಗುವ ಪ್ರಸಂಗ ಬರಲಿಕ್ಕಿಲ್ಲ ಎಂದರಂತೆ ಡಾಕ್ಟರು. ಕೇಳಿದಾಗಿನಿಂದ ನನ್ನ ಹೊಟ್ಟೆಯೊಳಗೆ ಹಾಲು ಉಕ್ಕುತ್ತಿದೆ. ಮೊಣಕಾಲು ನೋವು ಎಲ್ಲಿ ಹೋಯಿತೋ.

ಓಣಿಗೆಲ್ಲ ಪೇಡೆ ಹಂಚಬೇಕೆಂದು ಎದ್ದೆ. ಬಾಗಿಲ ತನಕ ಹೋಗಿ ತಿರುಗಿ ಬಂದೆ. ಯಾರಿಗೆ ಹಂಚಲಿ? ಎದುರು ಮನೆಯವಳಿಗೆಯೇ? ಹುಡುಗಿ ಪಕ್ಕದಲ್ಲೇ ಕುಳಿತಿದ್ದರೂ ಅವಳನ್ನು ಬಿಟ್ಟು ನನ್ನನ್ನೇ, "ಈಗ ಹ್ಯಾಂಗ ಅದಾಳ್ರಿ?" ಎಂದು ಕೇಳುವ ಮಹಾರಾಯಗಿತ್ತಿ ಆಕೆ. ಚಿಂಚೋಳಿಯ ಬೀಗರಿಗೆಯೇ? "ಒಂದು ಲಗ್ನಾ ಮಾಡಿಬಿಡ್ರಿ, ತಾನೇ ಸುದ್ದ ಆಗ್ತಾಳ" ಎಂದು ಔಷಧ ಹೇಳಿದವರು. ಅವರ ಮನೆಯಲ್ಲಿ ಲಗ್ನವಾದ ಮೇಲೆ ಸುದ್ದಾಗಿ ನೆಟ್ಟಗಾದವರನ್ನು ನಾನಂತೂ ನೋಡಿಲ್ಲ. ಪೇಡೆ ನಾವೇ ತಿಂದೆವು.

ಇವರೆಲ್ಲರ ದೊರೆ ನನ್ನ ಮೈದುನ. ನಮ್ಮ ಅಂಗಳಕ್ಕೇ ಅವನ ಮನೆಯ ಬಾಗಿಲೂ ಇದೆ. ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ರಿಟೈರಾದವನು. ಸಹಿ ಮಾಡುವ ಕಾಗದ ಮುಗಿದ ಮೇಲೆ ಮನೆಯ ಮಂದಿಯ ಮೇಲೆ ಸಹಿ ಮಾಡಲು ಶುರುಮಾಡಿದ. ನಾನು ಮೂರನೇ ಇಯತ್ತೆ ಕಲಿತವಳು, ಅವನು ಪೇಪರು ಓದುವವನು. ಹಾಗಾಗಿ ಎಲ್ಲದಕ್ಕೂ ಅವನದೇ ಮಾತು.

ಎರಡು ವರ್ಷದ ಹಿಂದೆ ಮೊಮ್ಮಗಳಿಗೆ ಬೇನೆ ಬಂದಾಗ ಮೊದಲು ನಿದ್ದೆ ಹೋಯಿತು, ಆಮೇಲೆ ಮಾತು ನಿಲ್ಲದಾಯಿತು, ಹೊತ್ತಲ್ಲದ ಹೊತ್ತಿನಲ್ಲಿ ಅಂಗಳ ತೊಳೆದದ್ದೇ ತೊಳೆದಳು, ಆಮೇಲೆ ಹಾಸಿಗೆ ಹಿಡಿದಳು. ದವಾಖಾನೆಯಿಂದ ಕಳಿಸುವಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಗುಳಿಗಿ ಆಕಿ ಕೈಯಾಗೇ ಕೊಡ್ರಿ. ಯಾವುದು ಯಾಕ ಅಂತ ಆಕಿಗೂ ಗೊತ್ತಿರಲಿ." ಮೈದುನ ಅಲ್ಲಿ ತಲೆಯಾಡಿಸಿದ. ಮನೆಗೆ ಬಂದವನೇ ಗುಳಿಗೆಗಳನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡ. "ತಲಿ ಸರಿ ಇಲ್ದವರ ಕೈಯಾಗ ತಲಿ ಗುಳಿಗಿ ಕೊಡ್ತಾರೇನು?" ಎಂದು ನನ್ನ ಸೊಸೆಯನ್ನು ಹೆದರಿಸಿ, ದಿನಾ ಗುಳಿಗೆ ಪುಡಿಮಾಡಿ ಹುಡುಗಿಯ ಚಹಾದಲ್ಲಿ ಗುಟ್ಟಾಗಿ ಕಲಸಿ ಕೊಡುವಂತೆ ಮಾಡಿದ. ಹೆತ್ತ ತಾಯಿ ಆಕೆ, ಮಗಳು ಮತ್ತೆ ಕೆಡುತ್ತಾಳೆಂಬ ಹೆದರಿಕೆಗೆ ಒಪ್ಪಿದಳು. ನನಗೆ ಇಬ್ಬರೂ ಹೇಳಲಿಲ್ಲ. ಹೇಳಿದ್ದರೆ ಕೋಟು ಬಾವಿಯಲ್ಲಿರುತ್ತಿತ್ತು.

ಹುಡುಗಿಗೆ ನಾಲಿಗೆ ಇತ್ತು. ಚಹಾ ಕಹಿ, ಕಪ್ಪಿನ ತಳದಲ್ಲಿ ಬಿಳಿ ಗಸಿ. ಮನೆಯ ಅನ್ನ ನೀರಿನ ಮೇಲೆಲ್ಲ ಅವಳಿಗೆ ಸಂಶಯ ಹತ್ತಿತು. ರೊಟ್ಟಿಯನ್ನೂ ಮುರಿದು ಮೂಸಿ ನೋಡುವಳು. "ನೋಡ್ರಿ ವೈನಿ, ಹುಚ್ಚು ಏರ್ಲಿಕತ್ತದ" ಎಂದು ಮೈದುನ ನನಗೆ ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ಅವನ ಹಳೆಯ ಆಫೀಸಿನವರು ಚಿತ್ತಾಪುರದಿಂದ ಬಂದು ನಮ್ಮ ಪಡಸಾಲೆಯ ಜಮಖಾನದ ಮೇಲೆ ಕುಳಿತಿದ್ದರು. ಮಕ್ಕಳನ್ನು ಹೇಗೆ ಹದ್ದುಬಸ್ತಿನಲ್ಲಿ ಇಡಬೇಕೆಂದು ಮೈದುನನ ಭಾಷಣ ನಡೆದಿತ್ತು. ಸೊಸೆ ಎಲ್ಲರಿಗೂ ಚಹಾ ಕೊಟ್ಟು, ಮಗಳ ಕಪ್ಪನ್ನು ಬೇರೆಯಾಗಿ ತಂದುಕೊಟ್ಟಳು. ನಮ್ಮ ಕಡೆ ಒಂದು ರೂಢಿ ಇದೆ. ಕಪ್ಪಿನ ಚಹಾದಲ್ಲಿ ಅರ್ಧ ಬಶಿಗೆ ಸುರಿದು ಪಕ್ಕದವರಿಗೆ ಕೊಡುವುದು. ಕೊಟ್ಟದ್ದನ್ನು ಒಲ್ಲೆ ಎಂದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಹುಡುಗಿ ಕಪ್ಪು ತೆಗೆದುಕೊಂಡು ಸೀದಾ ಮೈದುನನ ಮುಂದೆ ಹೋಗಿ ಕುಳಿತಳು. ಚಮಚ ತಿರುವಿ ಬಶಿ ತುಂಬಿದಳು.

"ಸಣ್ಣ ಮುತ್ಯಾ, ಅರ್ಧ ನೀವು ತಗೋರಿ."

ಭಾಷಣ ನಿಂತಿತು. "ನಂಗ ಬ್ಯಾಡವ್ವಾ. ಶುಗರ್ ಅದ."

"ಈಗರೇ ಎರಡು ಕಪ್ ಹೊಡದಿರಿ," ಎಂದ ಬಂದವರಲ್ಲೊಬ್ಬ. "ಮಮ್ಮಗಳು ಪ್ರೀತೀಲೆ ಕೊಡ್ಲಿಕತ್ತಾಳ, ಕುಡೀರಿ ಸಾಹೇಬ್ರ."

"ಆರಲಿ, ಕುಡೀತೀನಿ."

"ಆರ್ಯದ ಮುತ್ಯಾ. ಮ್ಯಾಲ ಕೆನಿ ಕಟ್ಟ್ಯದ," ಎಂದಳು ಹುಡುಗಿ. "ಯಾಕ, ಅದ್ರಾಗ ಏನರೆ ಅದ ಏನು?"

ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅದನ್ನು ನೋಡಿಯೇ ನನಗೆ ಎಲ್ಲ ತಿಳಿದದ್ದು. ಮೈದುನನಿಗೆ ಇದ್ದದ್ದು ಎರಡೇ ದಾರಿ, ಒಪ್ಪಿಕೊಳ್ಳುವುದು ಇಲ್ಲವೇ ಕುಡಿಯುವುದು. ಒಪ್ಪಿಕೊಳ್ಳುವಷ್ಟು ಗಂಡಸುತನ ಅವನಿಗೆ ಯಾವಾಗ ಇತ್ತು? ಕಣ್ಣು ಮುಚ್ಚಿ ಸೊರ್ರನೆ ಕುಡಿದ. ಮತ್ತೆ ಮಕ್ಕಳ ಹದ್ದುಬಸ್ತಿನ ಮಾತಿಗೆ ಬಂದ. ಸ್ವಲ್ಪ ಹೊತ್ತಿಗೆ ನಾಲಿಗೆ ತೊಡರಿತು, ಗದ್ದ ಎದೆಗೆ ತಾಗಿತು, ಗೋಡೆಗೆ ಒರಗಿ ಗೊರಕೆ ಹೊಡೆಯತೊಡಗಿದ. ಬಂದವರು ಮುಖ ಮುಖ ನೋಡಿಕೊಂಡು ಮೆಲ್ಲಗೆ ಚಪ್ಪಲಿ ಮೆಟ್ಟಿದರು. ರಾತ್ರಿ ಊಟದ ಹೊತ್ತಿಗೆ ಮೈದುನ ಎದ್ದು, "ರೊಟ್ಟಿ ಆದವೇನು?" ಎಂದು ಕೇಳಿದ. ಅಂಥವನಿಗೆ ಏನಾಗುತ್ತದೆ?

ಅವನು ಮಲಗಿದ್ದಾಗಲೇ ಕೋಟಿನ ಜೇಬಿನಿಂದ ಗುಳಿಗೆ ತೆಗೆದು ಹುಡುಗಿಯ ಕೈಗೆ ಕೊಟ್ಟಿದ್ದೆ. ಅವಳು ತಾಯಿಯ ಕಡೆ ನೋಡಿ ಒಂದೇ ಮಾತು ಹೇಳಿದಳು: "ಕೇಳಿದ್ರ ನಾನೇ ನುಂಗ್ತಿದ್ದೆನಲ್ಲವ್ವಾ. ಕದ್ದು ಯಾಕ ಕುಡಿಸಿದಿ?"

ಅಂದಿನಿಂದ ಗುಳಿಗೆ ಅಡುಗೆಮನೆಯ ಗೋಡೆಯ ಮಾಡದಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿ ಇರುತ್ತದೆ. ರಾತ್ರಿ ರೊಟ್ಟಿಗೆ ಕೂರುವ ಮೊದಲು ತಾನೇ ನುಂಗುತ್ತಾಳೆ. ಮೈ ನೆಟ್ಟಗಿದ್ದಾಗಲೇ ನನ್ನನ್ನು ಕೂರಿಸಿಕೊಂಡು ಹೇಳಿಟ್ಟಿದ್ದಾಳೆ: "ಆಯಿ, ನಿದ್ದಿ ಬ್ಯಾಡ ಅನ್ನಿಸ್ಲಿಕತ್ರ ನಾ ಹೇಳ್ತೀನಿ. ನಾ ಹೇಳದೇನ ಅಂಗಳ ಮ್ಯಾಲಿಂದ ಮ್ಯಾಲ ತೊಳೀಲಿಕತ್ರ ನೀ ಹೇಳು. ಜಗಳಾ ತೆಗೀಬ್ಯಾಡ. ಸಣ್ಣ ಮುತ್ಯಾನ್ನ ಕರೀಬ್ಯಾಡ."

ಈ ವಾರ ಒಂದು ನಸುಕಿನಲ್ಲಿ ಅವಳು ಅಂಗಳಕ್ಕೆ ಹಾಸಿದ ಶಹಾಬಾದ್ ಪರ್ಸಿ ಕಲ್ಲು ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನಾನು ಹೊಸ್ತಿಲಿಗೆ ಬಂದು ನಿಂತೆ. ನಾನು ಬಾಯಿ ತೆಗೆಯುವ ಮೊದಲೇ ಕೊಡ ಕೆಳಗಿಟ್ಟು, "ಆಯಿ, ಶುರು ಆಗ್ಯದ. ನಾ ಡಾಕ್ಟರ್ ಕಡಿ ಹೋಗಿ ಬರ್ತೀನಿ" ಎಂದಳು.

ಇವತ್ತು ಹೊರಡುವಾಗ ಮೈದುನ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ವೈನಿ, ಒಬ್ಬಾಕಿನ್ನ ಬಿಡಬ್ಯಾಡ್ರಿ. ವಾಡಿ ಜಂಕ್ಷನ್ನಾಗ ಯಾವುದರೆ ಗಾಡಿ ಹತ್ತಿ ಮುಂಬೈಗೆ ಹೋಗ್ತಾಳ. ನಾ ಬರ್ತೀನಿ."

"ಬರ್ರಿ ಮುತ್ಯಾ," ಎಂದಳು ಚೀಲ ಹೆಗಲಿಗೆ ಹಾಕುತ್ತ. "ದಾರ್ಯಾಗ ಚಾ ನಾ ಕುಡಿಸ್ತೀನಿ."

ಅವನಿಗೆ ಕೂಡಲೇ ಸೊಂಟ ಹಿಡಿಯಿತು.

ರಾತ್ರಿ ಎಲ್ಲರೂ ಒಂದೇ ಸಾಲಿಗೆ ಕುಳಿತೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ನಾನೇ ನಿಂತು ಮಾಡಿದ ಗೋಧಿ ಹುಗ್ಗಿ. ಕರೆಯದಿದ್ದರೂ ಮೈದುನ ಬಂದ, ಹುಗ್ಗಿಯ ವಾಸನೆ ಅವನಿಗೆ ಆಮಂತ್ರಣ. ಮೊಮ್ಮಗಳು ಮಾಡದಿಂದ ಹೊಸ ಗುಳಿಗೆ ತೆಗೆದು, ಎಲ್ಲರ ಎದುರಿಗೆ ನೀರು ಕುಡಿದು ನುಂಗಿದಳು. ಸೊಸೆ ಅವಳ ತಾಟಿಗೆ ಎರಡು ಚಮಚ ತುಪ್ಪ ಹೆಚ್ಚು ಹಾಕಿದಳು. ಆಮೇಲೆ ಮೊಮ್ಮಗಳೇ ಹುಗ್ಗಿ ಬಡಿಸುತ್ತ ಬಂದಳು. ಮೈದುನ ತನ್ನ ತಾಟಿನ ಹುಗ್ಗಿಯನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸಿ ನೋಡಿದ, ಮೂಸಿದ. ನಾನು ಅದೇ ಪಾತ್ರೆಯ ಹುಗ್ಗಿಯನ್ನು ಬಾಯಿಗಿಟ್ಟುಕೊಳ್ಳುವ ತನಕ ಕಾದು ಕುಳಿತ. ಆಮೇಲೆ ತಾಟು ಮುಂದೆ ಸರಿಸಿ, ಇನ್ನೊಂದು ಸೌಟು ಹಾಕೆಂದು ಅವಳನ್ನೇ ಕೇಳಿದ.