ಇರಲಿ, ಹೋಗಲಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮಾತೆಲ್ಲ ಮುಂದಿನ ಕೋಣೆಯಲ್ಲಿ. ಹಿಂದಿನ ಕೋಣೆಯಲ್ಲಿ ಮೇಣ, ಪ್ಲಾಸ್ಟರು, ಪಾಲಿಶ್ ಮಾಡುವ ಮೋಟಾರು, ಮತ್ತೆ ಒಬ್ಬ ಹೆಂಗಸು. ಡಾಕ್ಟರು ಬೊಚ್ಚುಬಾಯಿಗಳ ಅಚ್ಚು ತೆಗೆದು ಒಳಗೆ ಕಳಿಸಿದರೆ ಅವಳು ಅದರ ಮೇಲೆ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಸೆಟ್ಟು ಮಾಡಿ ಹೊರಗೆ ಕಳಿಸುತ್ತಿದ್ದಳು. ಈ ಕೆಲಸವನ್ನು ಅವಳು ಹುಡುಕಿಕೊಂಡು ಬಂದದ್ದೇ ಇಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿಲ್ಲ ಎಂಬ ಆಸೆಯಿಂದ. ಅವಳಿಗೆ ಚಿಕ್ಕಂದಿನಿಂದ ಉಗ್ಗು. ಮಾತು ಗಂಟಲಿನವರೆಗೆ ಸಲೀಸಾಗಿ ಬಂದು, ಹೊಸ್ತಿಲಲ್ಲಿ ಎಡವಿದ ನೆಂಟನ ಹಾಗೆ ತುಟಿಯ ಹತ್ತಿರ ನಿಂತುಬಿಡುವುದು. ಅದರಲ್ಲೂ ‘ಆ’ ಎಂದು ಶುರುವಾಗುವ ಮಾತಾದರೆ ಮುಗಿಯಿತು.

ಮನೆಯಲ್ಲಿ ಅವಳ ಗಂಡ ಒಳ್ಳೆಯ ಮನುಷ್ಯ. ಬಣ್ಣದಂಗಡಿ ಇಟ್ಟುಕೊಂಡಿದ್ದ. ಅವನದೊಂದೇ ಕಾಟ: ಹೆಂಡತಿಗೆ ಕಷ್ಟವಾಗಬಾರದೆಂದು ಅವಳ ಮಾತನ್ನೆಲ್ಲ ತಾನೇ ಮುಗಿಸಿಕೊಡುವುದು. ಒಮ್ಮೆ ಅವಳು ‘ಕ, ಕ’ ಎಂದು ಕಪಾಟಿನ ಮಾತು ತೆಗೆದರೆ, ಪೂರ್ತಿ ಕೇಳುವ ತಾಳ್ಮೆಯಿಲ್ಲದೆ ಸಂಜೆ ಆಳುದ್ದದ ಕನ್ನಡಿ ತಂದು ನಿಲ್ಲಿಸಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು. ಬಟ್ಟೆ ಮಾತ್ರ ಇನ್ನೂ ಪೆಟ್ಟಿಗೆಯಲ್ಲೇ ಇದ್ದವು.

ಅವಳ ಮಾತನ್ನು ಯಾರೂ ಮುಗಿಸಿಕೊಡದ ಜಾಗ ಅಂತ ಇದ್ದದ್ದು ಫೋನಿನಲ್ಲಿ. ಉಗ್ಗು ಇರುವವರದೇ ಒಂದು ಗುಂಪು ಅದು. ಅಲ್ಲಿ ಟೈಪು ಮಾಡುವ ಹಾಗಿಲ್ಲ, ಎಲ್ಲರೂ ದನಿ ರೆಕಾರ್ಡು ಮಾಡಿಯೇ ಕಳಿಸಬೇಕು. ಒಂದು ಶಬ್ದಕ್ಕೆ ಎಷ್ಟು ಹೊತ್ತು ಹಿಡಿದರೂ ಉಳಿದವರು ಪೂರ್ತಿ ಕೇಳಬೇಕು. ಆ ಗುಂಪಿನಲ್ಲಿ ಅವಳಿಗೊಬ್ಬ ಗೆಳತಿ ಸಿಕ್ಕಿದ್ದಳು. ದೂರದ ಊರಿನಲ್ಲಿ ಹೂಗಿಡದ ನರ್ಸರಿ ನಡೆಸುವವಳು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು, ಬಾಯಿ ಸ್ವಲ್ಪ ಚುರುಕು. ತನ್ನ ಫೋಟೋದ ಜಾಗದಲ್ಲಿ ಪಾಪಾಸುಕಳ್ಳಿಯ ಚಿತ್ರ ಹಾಕಿಕೊಂಡಿದ್ದರಿಂದ ಎಲ್ಲರೂ ಅವಳನ್ನು ಕಳ್ಳಿ ಎಂದೇ ಕರೆಯುತ್ತಿದ್ದರು. ಗಿಡವೋ ಕಳ್ಳತನವೋ ನೀವೇ ತೀರ್ಮಾನ ಮಾಡ್ಕೊಳ್ಳಿ ಎಂದು ಅವಳೂ ನಗುತ್ತಿದ್ದಳು. ಹಲ್ಲು ಕಟ್ಟುವವಳಿಗೆ ಹಲ್ಲಕ್ಕ ಎಂದು ಹೆಸರಿಟ್ಟವಳು ಅವಳೇ. ಚಿಕ್ಕವಳಾದರೂ ಅಕ್ಕ.

ಇಬ್ಬರೂ ಒಬ್ಬರ ಮುಖ ಒಬ್ಬರು ಎದುರೆದುರು ಕಂಡವರಲ್ಲ. ಆದರೆ ದಿನವೂ ಬೆಳಿಗ್ಗೆ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ ಒಬ್ಬರಿಗೊಬ್ಬರು ಕಳಿಸುವುದು ರೂಢಿಯಾಗಿತ್ತು. ಹಲ್ಲಕ್ಕ ಕ್ಲಿನಿಕ್ಕಿಗೆ ನಡೆಯುತ್ತಾ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕಳ್ಳಿಯ ಓದು ಕೇಳುತ್ತಿದ್ದಳು. ಅವಳ ಉಗ್ಗಿನ ಹಿಂದೆ ನೀರಿನ ಪೈಪಿನ ಸದ್ದು, ಕುಂಡ ಎಳೆಯುವ ಸದ್ದು, ಗಿರಾಕಿಯ ಚೌಕಾಸಿ ಎಲ್ಲ ಇರುತ್ತಿತ್ತು.

ಹೀಗಿರುವಾಗ ಚುನಾವಣೆ ಬಂತು.

ಬೀದಿಯಲ್ಲಿ ಎರಡೇ ಪಂಗಡ. ಈಗ ಆಳುತ್ತಿರುವವರು ಇರಲಿ ಎನ್ನುವವರು ಒಂದು ಕಡೆ, ಹೋಗಲಿ ಎನ್ನುವವರು ಇನ್ನೊಂದು ಕಡೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಹಲ್ಲಿಲ್ಲದ ಮುದುಕರು ಕೂತು ಇರಲಿ, ಹೋಗಲಿ ಎಂದು ಬರೀ ಒಸಡಿನಲ್ಲೇ ಜಗಳವಾಡುತ್ತಿದ್ದರು. ಹಲ್ಲಕ್ಕ ‘ಹೋಗಲಿ’ಯವಳು. ಅದಕ್ಕೆ ಅವಳಿಗೆ ಭಾಷಣ ಕೇಳಬೇಕಾಗಿರಲಿಲ್ಲ. ಅವಳ ಬೀದಿಯ ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆ ಇತ್ತು. ಈ ಸರ್ಕಾರ ಬಂದ ಮೇಲೆ ಅದನ್ನು ದೂರದ ದೊಡ್ಡಾಸ್ಪತ್ರೆಗೆ ಸೇರಿಸುತ್ತೇವೆಂದು ಹೇಳಿ ಬೀಗ ಹಾಕಿದರು. ಅದಾದ ಸ್ವಲ್ಪ ದಿನಕ್ಕೆ ಅವಳ ಅಮ್ಮನಿಗೆ ಎದೆನೋವು ಬಂತು. ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವಳು, ಅರ್ಧ ದಾರಿಯಲ್ಲೇ ಅಮ್ಮನ ಉಸಿರು ನಿಂತು, ವಾಪಸು ತಿರುಗಿಸಿ ಎನ್ನಬೇಕಾಯಿತು. ಡ್ರೈವರಿಗೆ ಆ ಎರಡು ಮಾತು ಹೇಳುವುದಕ್ಕೂ ಬಾಯಿ ಏಳಲಿಲ್ಲ. ವ್ಯಾನು ಇನ್ನೂ ಎಷ್ಟೋ ದೂರ ಸುಮ್ಮನೆ ಮುಂದಕ್ಕೇ ಓಡಿತ್ತು. ಈ ವಿಷಯವನ್ನು ಅವಳು ಗುಂಪಿನಲ್ಲಿ ಹೇಳಿರಲಿಲ್ಲ, ಕಳ್ಳಿಗೂ ಹೇಳಿರಲಿಲ್ಲ. ‘ಆಸ್ಪತ್ರೆ’ ಎಂಬ ಶಬ್ದವನ್ನು ದಾಟದೆ ಅದನ್ನು ಹೇಳುವುದು ಹೇಗೆ?

ಒಂದು ಮಧ್ಯಾಹ್ನ ಕಳ್ಳಿ ಗುಂಪಿಗೆ ವೀಡಿಯೋ ಕಳಿಸಿದಳು. ಹಲ್ಲಕ್ಕ ಕೈಯ ಮೇಣ ಒರೆಸಿಕೊಂಡು ನೋಡಿದಳು. ಬೀದಿಬದಿಯ ಸಣ್ಣ ವೇದಿಕೆ, ಮೈಕು, ಮೈಕಿನ ಮುಂದೆ ಒಬ್ಬಳು. ದನಿಯಿಂದಲೇ ಗೊತ್ತಾಯಿತು, ಕಳ್ಳಿ. ಉಗ್ಗು ಇರುವವರಿಗೆ ಮೈಕೆಂದರೆ ಏನೆಂದು ಉಗ್ಗು ಇರುವವರಿಗೇ ಗೊತ್ತು. ಎರಡನೆಯ ಮಾತಿಗೇ ಕಳ್ಳಿ ಸಿಕ್ಕಿಕೊಂಡಳು. ಜನರ ನಡುವಿನಿಂದ ಯಾರೋ ಸಿಳ್ಳೆ ಹೊಡೆದರು. ಕಳ್ಳಿ ಕಣ್ಣು ಮುಚ್ಚಲಿಲ್ಲ, ಶಬ್ದ ಬದಲಿಸಲಿಲ್ಲ, ಮೈಕಿನ ಕಂಬ ಹಿಡಿದು ಅದೇ ಅಕ್ಷರವನ್ನು ತಳ್ಳಿ ತಳ್ಳಿ ಕೊನೆಗೂ ಹೊರಗೆ ತಂದಳು. ಹಲ್ಲಕ್ಕನ ಕಣ್ಣು ತುಂಬಿತು. ಶಭಾಷ್ ಎನ್ನಲು ಬೆರಳು ಎತ್ತಿದಳು. ಆಗ ಕಳ್ಳಿ ಮುಂದಿನ ಮಾತು ಹೇಳಿದಳು: ನೀರು ಕೊಟ್ಟವರು, ರಸ್ತೆ ಕೊಟ್ಟವರು, ಆಸ್ಪತ್ರೆ ಕೊಟ್ಟವರು ಇವರೇ, ಇವರೇ ಇರಲಿ.

ಬೆರಳು ಹಾಗೇ ನಿಂತಿತು.

ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಮ್ಮವಳೊಬ್ಬಳು ಮೈಕು ಹಿಡಿದಳಲ್ಲ ಎಂದು ಎಲ್ಲರಿಗೂ ಹಿಗ್ಗು. ಹಲ್ಲಕ್ಕ ಮಾತ್ರ ಏನನ್ನೂ ಕಳಿಸಲಿಲ್ಲ. ಸಂಜೆ ಕಳ್ಳಿಯಿಂದ ಪುಟ್ಟ ದನಿ ಬಂತು, ನೋಡಿದೆಯಾ ಎಂದಷ್ಟೇ. ಮಾರನೇ ದಿನ ಮತ್ತೊಮ್ಮೆ, ನೋಡಲಿಲ್ಲವಾ ಎಂದು. ಹಲ್ಲಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂತೋಷ ಪಡೋಣವೆಂದರೆ ಅಮ್ಮ ಕಣ್ಣ ಮುಂದೆ ಬರುತ್ತಾಳೆ, ಸಿಟ್ಟು ಮಾಡೋಣವೆಂದರೆ ಆ ಮೈಕಿನ ಕಂಬ ಹಿಡಿದ ಕೈ ಕಾಣುತ್ತದೆ. ಕೊನೆಗೆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು, ಎಂದೂ ಮಾಡದ್ದನ್ನು ಮಾಡಿದಳು. ಟೈಪು ಮಾಡಿದಳು.

‘ಇಷ್ಟು ಕಷ್ಟಪಟ್ಟು ಬಾಯಿ ಬಿಡೋಕೆ ಕಲ್ತದ್ದು ಇಂಥ ಸುಳ್ಳು ಹೇಳೋಕಾ ಅಕ್ಕ?’

ಕಳಿಸಿಯೂ ಆಯಿತು. ಬೆರಳಿಗೆ ಉಗ್ಗಿಲ್ಲ ನೋಡಿ.

ಕಳ್ಳಿಯೂ ಟೈಪಿನಲ್ಲೇ ಉತ್ತರ ಕೊಟ್ಟಳು. ‘ನಾನು ಹೊರಗೆ ಬಂದು ಮಾತಾಡಿದೆ. ನೀನು ಹಿಂದಿನ ಕೋಣೆಯಲ್ಲೇ ಬಚ್ಚಿಟ್ಕೊಂಡಿರು.’

ಅಲ್ಲಿಂದ ಶುರುವಾಯಿತು. ಅವಳೊಂದು ಪತ್ರಿಕೆಯ ತುಣುಕು ಕಳಿಸಿದರೆ ಇವಳೊಂದು ವ್ಯಂಗ್ಯಚಿತ್ರ, ಇವಳೊಂದು ಅಂಕಿಅಂಶ ಕಳಿಸಿದರೆ ಅವಳು ಅದು ಸುಳ್ಳೆನ್ನುವ ಇನ್ನೊಂದು ಅಂಕಿಅಂಶ. ಬೆಳಗಿನ ಓದು ನಿಂತುಹೋಯಿತು. ಹಲ್ಲಕ್ಕ ಸಾರು ಕಲಕುತ್ತಾ ಫೋನು ನೋಡುವಳು, ತಲೆ ಬಾಚುತ್ತಾ ನೋಡುವಳು. ಬಾಯಿಯಲ್ಲಿ ಒಂದು ವಾಕ್ಯ ಮುಗಿಸಲಾರದವಳು ಬೆರಳಿನಲ್ಲಿ ಪುಟಗಟ್ಟಲೆ ಬರೆಯುವಳು. ಇಷ್ಟು ಸರಾಗವಾಗಿ ಅವಳು ಜೀವಮಾನದಲ್ಲಿ ಯಾರನ್ನೂ ಬೈದಿರಲಿಲ್ಲ. ಬೈದ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ, ಇವಳು ರಾತ್ರಿ ಎದ್ದೆದ್ದು ಬೈದದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಗಂಡ ನೋಡುವಷ್ಟು ನೋಡಿದ. ಮುಖವೇ ನೋಡಿರದವಳ ಜೊತೆ ಈ ರಾಮಾಯಣ ಯಾಕೆ, ಬ್ಲಾಕ್ ಮಾಡಿ ಕೈತೊಳೆದುಕೋ ಎಂದ. ಅವಳು ‘ಅ, ಅವಳು’ ಎಂದು ಶುರು ಮಾಡಿದರೆ, ‘ಅವಳು ಹಾಳಾಗಿ ಹೋಗಲಿ, ಅಷ್ಟೇ ತಾನೇ’ ಎಂದು ಮುಗಿಸಿಕೊಟ್ಟ. ಅವಳು ಹೇಳಲು ಹೊರಟದ್ದು ಅದಾಗಿರಲಿಲ್ಲ. ಅವಳು ನನಗೆ ಬೇಕು ಎನ್ನಲು ಹೊರಟಿದ್ದಳು.

ಆ ವಾರವೇ ಬೆಂಚಿನ ಮುದುಕರಲ್ಲೊಬ್ಬರು, ಹಳೆಯ ಪೋಸ್ಟ್‌ಮಾಸ್ಟರು, ಹೊಸ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದರು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಬಾಯಿ ಮುಚ್ಚಿದರೆ ಒಂದು ಪಕ್ಕ ಕಚ್ಚುತ್ತದೆ, ಇನ್ನೊಂದು ಪಕ್ಕ ಬಾಗಿಲು ತೆರೆದಂತೆ ತೆರೆದೇ ಇರುತ್ತದೆ. ಡಾಕ್ಟರು ಬೈಯಲಿಲ್ಲ. ಒಳಗೆ ಬಂದು, ಏನಮ್ಮಾ, ಹುಷಾರಿಲ್ಲವಾ ಎಂದು ಕೇಳಿ ಸೆಟ್ಟನ್ನು ಅವಳ ಮುಂದಿಟ್ಟು ಹೋದರು. ಅದನ್ನು ಕಂಡದ್ದೇ ಅವಳಿಗೆ ನಾಚಿಕೆ, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂದವು. ಫೋನು ತೆಗೆದುಕೊಂಡು ಪ್ಲಾಸ್ಟರ್ ಚೀಲಗಳನ್ನು ಇಡುವ ಸಣ್ಣ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಟೈಪು ಮಾಡಲಿಲ್ಲ. ಮೈಕಿನ ಗುರುತಿನ ಮೇಲೆ ಬೆರಳು ಒತ್ತಿದಳು.

ಹೇಳಬೇಕೆಂದಿದ್ದದ್ದು ಇಷ್ಟೇ: ಆಸ್ಪತ್ರೆ ಕೊಟ್ಟವರು ಅಂದೆಯಲ್ಲ, ನಮ್ಮ ಆಸ್ಪತ್ರೆಗೆ ಬೀಗ ಹಾಕಿದವರೂ ಅವರೇ. ಆದರೆ ‘ಆ’ ಬಂತು, ‘ಸ್ಪತ್ರೆ’ ಬರಲಿಲ್ಲ. ಮತ್ತೆ ‘ಆ’. ಉಸಿರು ಕಟ್ಟಿತು. ಗೋಡೆಗೆ ಹಣೆ ಒತ್ತಿ ಮತ್ತೊಮ್ಮೆ. ದವಡೆ ಬಿಗಿಯಿತು, ಕುತ್ತಿಗೆಯ ನರ ಎದ್ದಿತು, ಕಣ್ಣಿನಿಂದ ನೀರಿಳಿಯಿತು, ಶಬ್ದ ಮಾತ್ರ ಜಪ್ಪಯ್ಯ ಎಂದರೂ ಹೊರಬರಲಿಲ್ಲ. ಕೈ ಸೋತು ಬೆರಳು ಜಾರಿತು. ಟುಂಯ್ ಎಂದು ಅದು ಹೊರಟೇಹೋಯಿತು.

ಅಳಿಸಿಬಿಡೋಣವೆಂದು ಅವಸರವಾಗಿ ತಡಕಾಡುವಷ್ಟರಲ್ಲಿ ಅಲ್ಲಿ ಕಳ್ಳಿ ಕೇಳಲು ಶುರು ಮಾಡಿಯಾಗಿತ್ತು. ಹಲ್ಲಕ್ಕ ಚೀಲದ ಮೇಲೆ ಕುಸಿದು ಕೂತಳು. ಜಗಳದ ನಡುವೆ ಎದುರಾಳಿಯ ಕೈಗೆ ಇದಕ್ಕಿಂತ ಬೇರೆ ಆಯುಧ ಬೇಕೆ? ಗುಂಪಿಗೆ ಕಳಿಸಿ ನಗಬಹುದು, ಇದೇನಾ ನಿನ್ನ ಉತ್ತರ ಎನ್ನಬಹುದು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಷ್ಟೂ ಪ್ಲಾಸ್ಟರಿನ ಪುಡಿಯೇ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ಕಳ್ಳಿಯ ದನಿ ಬಂತು.

‘ಕೇಳ್ದೆ. ಪೂ, ಪೂರ್ತಿ ಕೇಳ್ದೆ. ಒಂದು ಕಡೇನೂ ಮುಂದಕ್ಕೆ ಓಡಿಸ್ಲಿಲ್ಲ. ಆ ಅಂತ ಏನೋ ಇದೆ. ಏನದು ಅಂತ ನಾನು ಊಹೆ ಮಾಡಲ್ಲ. ನೀನೇ ಹೇಳು. ನಿ, ನಿಧಾನಕ್ಕೆ ಹೇಳು, ಇವತ್ತಾಗ್ಲಿಲ್ಲ ಅಂದ್ರೆ ನಾಳೆ ಹೇಳು.’

ಹಲ್ಲಕ್ಕ ಅವತ್ತು ಹೇಳಲಿಲ್ಲ. ಪೋಸ್ಟ್‌ಮಾಸ್ಟರ ಸೆಟ್ಟನ್ನು ಬಿಚ್ಚಿ ಮೊದಲಿನಿಂದ ಕಟ್ಟಲು ಕೂತಳು. ಮಾರನೇ ದಿನ ಬೆಳಿಗ್ಗೆ, ಬೀಗ ಬಿದ್ದ ಆ ಗೇಟಿನ ಮುಂದೆಯೇ ನಿಂತು, ತುಂಡು ತುಂಡಾಗಿ ಹೇಳಿದಳು. ಆಸ್ಪತ್ರೆ, ವ್ಯಾನು, ಅಮ್ಮ, ವಾಪಸು ತಿರುಗಿಸಿ ಎನ್ನಲಾಗದೆ ಮುಂದಕ್ಕೇ ಓಡಿದ ದಾರಿ. ದಾರಿಹೋಕರು ತಿರುಗಿ ನೋಡಿದರೂ ಅವಳು ಮಾತು ನಿಲ್ಲಿಸಲಿಲ್ಲ.

ಕಳ್ಳಿ ತನ್ನದನ್ನೂ ಹೇಳಿದಳು. ವರ್ಷಗಟ್ಟಲೆ ರಸ್ತೆಬದಿಯಲ್ಲಿ ಗಿಡ ಇಟ್ಟುಕೊಂಡಿದ್ದವಳು ಅವಳು. ಅಧಿಕಾರಿಗಳ ಲಾರಿ ಬಂದಾಗಲೆಲ್ಲ ಕುಂಡಗಳನ್ನು ಒಡೆದು ಎಸೆಯುತ್ತಿದ್ದರು, ನಿಲ್ಲಿಸಿ ಎಂದು ಕೂಗಲು ಅವಳಿಗೂ ಬಾಯಿ ಬರುತ್ತಿರಲಿಲ್ಲ. ಈ ಸರ್ಕಾರ ಅವಳಿಗೆ ನೆಲೆಯಾಗಿ ನಿಲ್ಲಲು ಒಂದು ತುಂಡು ಜಾಗ ಕೊಟ್ಟಿತು. ಅದಕ್ಕೇ ವೇದಿಕೆ ಹತ್ತಿದ್ದು. ‘ನಿನ್ನಮ್ಮನ ವಿಷ್ಯ ಗೊತ್ತಿದ್ದಿದ್ರೆ ಆಸ್ಪತ್ರೆ ಅನ್ನೋ ಮಾತು ಆಡ್ತಿರ್ಲಿಲ್ಲ. ಬರ್ಕೊಟ್ಟಿದ್ದನ್ನ ಓದ್ದೆ’ ಎಂದಳು. ಆಮೇಲೆ, ‘ಆದ್ರೆ ಓಟು ಅವರಿಗೇ ಹಾಕ್ತೀನಿ. ನಿನಗೆ ಸುಳ್ಳು ಹೇಳಲ್ಲ’ ಎಂದೂ ಸೇರಿಸಿದಳು.

ಹಲ್ಲಕ್ಕನಿಗೆ ಮತ್ತೆ ಉರಿಯಿತು. ಹಾಕು, ನಾನು ಹಾಕಲ್ಲ ಎಂದಳು. ಸ್ವಲ್ಪ ತಡೆದು, ವೀಡಿಯೋ ಬಂದ ದಿನವೇ ಹೇಳಬೇಕಿದ್ದ ಮಾತನ್ನೂ ಹೇಳಿದಳು. ಸಿಳ್ಳೆ ಹೊಡೆದಾಗ ನೀನು ಶಬ್ದ ಬದಲಿಸದೆ ನಿಂತೆಯಲ್ಲ ಅಕ್ಕ, ನನಗೆ ಅಳು ಬಂತು ಎಂದು. ಈ ಮಾತಿಗೆ ಕಳ್ಳಿಯಿಂದ ಬಂದದ್ದು ಮೂಗು ಸೀಟಿದ ಸದ್ದು ಮಾತ್ರ.

ಅಂದಿನಿಂದ ಇಬ್ಬರೂ ಒಂದು ಕರಾರು ಮಾಡಿಕೊಂಡರು. ರಾಜಕೀಯ ಮಾತಾಡಬೇಕೆಂದರೆ ಬಾಯಿಯಲ್ಲೇ, ಬೆರಳಿನಲ್ಲಿ ಕೂಡದು. ಜಗಳ ನಿಂತಿತೆಂದಲ್ಲ. ಒಂದು ಆರೋಪ ಹೊರಬರಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಅರ್ಧಕ್ಕೇ ಇದು ಹೇಳುವಷ್ಟು ದೊಡ್ಡದಲ್ಲ ಎಂದು ಹೇಳುವವಳಿಗೇ ಅನಿಸಿ ಬಿಟ್ಟುಬಿಡುತ್ತಿದ್ದಳು.

ಫಲಿತಾಂಶ ಬಂತು. ‘ಇರಲಿ’ಯವರೇ ಗೆದ್ದರು. ಬೀದಿಯಲ್ಲಿ ಪಟಾಕಿ ಸದ್ದಿಗೆ ಡಾಕ್ಟರು ಕಿಟಕಿ ಮುಚ್ಚಿಸಿದರು. ಹಲ್ಲಕ್ಕ ಫೋನನ್ನು ಡ್ರಾಯರಿನಲ್ಲಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅದು ರಿಂಗಾಯಿತು. ರೆಕಾರ್ಡಲ್ಲ, ನೇರ ಕರೆ. ಫೋನಿನಲ್ಲಿ ನೇರವಾಗಿ ಮಾತಾಡುವುದೆಂದರೆ ಇಬ್ಬರೂ ದೂರವಿಟ್ಟಿದ್ದ ವಿಷಯ, ಇದುವರೆಗೆ ಒಮ್ಮೆಯೂ ಮಾಡಿರಲಿಲ್ಲ. ಎತ್ತಿದಳು.

‘ಗೆ, ಗೆದ್ವಿ ಅಂತ ಹೇಳೋಕೆ ಮಾಡಿದ್ದಲ್ಲ’ ಎಂದಳು ಕಳ್ಳಿ.

‘ಗೊತ್ತು. ಸಿ, ಸಿಟ್ಟು ಬಂದಿದೆ.’

‘ಬರ್ಲಿ. ಬೈಬೇಕು ಅಂದ್ರೆ ಬೈ, ಕೇಳ್ತೀನಿ.’

ಹಲ್ಲಕ್ಕ ಬೈದಳು. ಕಳ್ಳಿ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ತಮ್ಮ ಮುಖಂಡನ ಹತ್ತಿರ ಆ ಬೀಗದ ವಿಷಯ ಎತ್ತುತ್ತೇನೆ, ಏನಾಗುತ್ತದೋ ಗೊತ್ತಿಲ್ಲ ಎಂದಳು. ಎತ್ತಿದಳು ಕೂಡ. ನೋಡೋಣ ಎಂದನಂತೆ, ನನ್ನ ಕಡೆ ನೋಡದೆ ಫೋನು ನೋಡುತ್ತಾ ಹೇಳಿದ ಎಂದು ಉಪ್ಪುಖಾರ ಹಚ್ಚದೆ ವರದಿ ಒಪ್ಪಿಸಿದಳು. ನಮ್ಮವರು ಗೆದ್ದಿದ್ದರೂ ಇದನ್ನೇ ಹೇಳುತ್ತಿದ್ದರೇನೋ ಎಂದು ಹಲ್ಲಕ್ಕನಿಗೆ ಒಂದು ಕ್ಷಣ ಅನಿಸಿತು. ಆದರೆ ಅದನ್ನು ಅವಳು ಕಳ್ಳಿಗೆ ಹೇಳಲಿಲ್ಲ, ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ.

ಆಸ್ಪತ್ರೆಯ ಬೀಗ ಇನ್ನೂ ಹಾಗೇ ಇದೆ. ಕಳ್ಳಿ ಆ ಮುಖಂಡನನ್ನು ಕಂಡಲ್ಲೆಲ್ಲ ಮತ್ತೆ ಕೇಳುತ್ತಾಳೆ, ಅವನೀಗ ಅವಳನ್ನು ಕಂಡರೆ ದಾರಿ ಬದಲಿಸುತ್ತಾನಂತೆ. ಬೆಳಗಿನ ಓದು ಮತ್ತೆ ನಡೆದಿದೆ. ಬರುವ ತಿಂಗಳು ಎರಡೂ ಊರಿನಲ್ಲಿ ನಗರಸಭೆಯ ಚುನಾವಣೆ, ಅದರ ಮಾತು ಈಗಲೇ ಎದ್ದಿದೆ. ನಿನ್ನೆ ಹಲ್ಲಕ್ಕ ಕೆಲಸದ ನಡುವೆ ಕಳ್ಳಿಗೆ ನೇರ ಕರೆ ಮಾಡಿ, ಈ ಸಲವಾದರೂ ನಿನಗೆ ಬುದ್ಧಿ ಬಂತಾ ಅಕ್ಕ ಎಂದು ಕೇಳುತ್ತಿರುವಾಗ ಡಾಕ್ಟರು ಮುಂದಿನ ಕೋಣೆಯಿಂದ ಕರೆದರು. ಬಂದೆ ಎನ್ನಲು ಅವಳಿಗೆ ಬಿಡುವಿರಲಿಲ್ಲ. ಅತ್ತ ಕಳ್ಳಿ ಏನೋ ಹೇಳಹೊರಟು ಮೊದಲಕ್ಷರದಲ್ಲೇ ನಿಂತಿದ್ದಳು.