ಕೆಂಚಮ್ಮನ ಕಿವಿ, ನನ್ನ ಮೇಸ್ತ್ರಿಗಿರಿ

ಕೆಂಚಮ್ಮನ ವಿದ್ಯೆಯನ್ನು ನನ್ನದೆಂದು ಹೇಳಿ ನಾನು ಮೇಸ್ತ್ರಿಯಾದೆ. ಅದು ಸಾವಿರದ ಒಂಬೈನೂರ ಐವತ್ಮೂರನೇ ಇಸವಿಯಲ್ಲಿ, ಈಗ ಐವತ್ತೇಳು. ಬಸ್ಸು ತಡವಾದದ್ದನ್ನೂ ತಾರೀಖು ಹಾಕಿ ಬರೆಯುವ ನಾನು — ಇದೊಂದನ್ನು ದಿನಚರಿಯಲ್ಲಿ ಬರೆಯಲಿಲ್ಲ.

ಹುಣಸೂರಿನ ಹೊಗೆಸೊಪ್ಪಿನ ಶೆಡ್ಡಿನಲ್ಲಿ ನಾನು ಗುಮಾಸ್ತನಾಗಿದ್ದೆ. ಕೆಂಚಮ್ಮ ಹನಗೋಡಿನಾಚೆಯ ಕಾಡಂಚಿನ ಹಾಡಿಯಿಂದ ಬರುವ ಕೂಲಿಯಾಳು. ಸೊಪ್ಪು ವಿಂಗಡಿಸುವಾಗ ಎಲೆಯ ನಡುದಂಟನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದಳು. ಚಟ್ಟೆಂದು ಮುರಿದರೆ ಒಣಗಿದೆ. ಸದ್ದಿಲ್ಲದೆ ಬಾಗಿದರೆ ಒಳಗೆ ತೇವವಿದೆ, ಬೂಷ್ಟು ಹಿಡಿಯುತ್ತದೆ. ಅಂಥ ಕಟ್ಟನ್ನು ಯಾರೂ ಹೇಳದಿದ್ದರೂ ಪಕ್ಕಕ್ಕೆ ಎಸೆಯುತ್ತಿದ್ದಳು. ದಿನಕ್ಕೆ ಆರು, ಕೆಲವು ದಿನ ಏಳು — ನನ್ನ ಪುಸ್ತಕದಲ್ಲಿದೆ.

ಒಂದು ಸೋಮವಾರ ಮ್ಯಾನೇಜರು ಬಂದು, ನಮ್ಮ ಶೆಡ್ಡಿನ ಸೊಪ್ಪು ಮಾತ್ರ ಯಾಕೆ ಕೆಡುವುದಿಲ್ಲ ಎಂದು ಕೇಳಿದರು. ನಾನು ದಂಟನ್ನು ಕಿವಿಗೆ ಹಿಡಿದು ತೋರಿಸಿದೆ.

"ಭೇಷ್! ಯಾರ್ರೀ ಇದನ್ನ ಕಂಡುಹಿಡಿದದ್ದು?"

ಅವಳು ಎರಡು ಮಾರು ದೂರದಲ್ಲಿ ಕೂತಿದ್ದಳು.

"ನಾನೇ ಸಾರ್."

ಗುರುವಾರ ಮೇಸ್ತ್ರಿಯಾದೆ. ಅಷ್ಟು ಚಿಕ್ಕ ವಯಸ್ಸಿಗೆ ಆ ಶೆಡ್ಡಿನಲ್ಲಿ ಯಾರೂ ಆಗಿರಲಿಲ್ಲ, ಎದೆಯುಬ್ಬಿಸಿ ಓಡಾಡಿದೆ. ಕೆಂಚಮ್ಮ ಹೊತ್ತಿಗೆ ಬಂದಳು, ಹೇಳಿದಷ್ಟು ಕಟ್ಟಿದಳು, ಹೊತ್ತಿಗೆ ಹೋದಳು. ಆದರೆ ಪಕ್ಕಕ್ಕೆ ಎಸೆದ ಕಟ್ಟು — ಶುಕ್ರವಾರ ಸೊನ್ನೆ, ಶನಿವಾರ ಸೊನ್ನೆ, ಮುಂದಿನ ವಾರವೆಲ್ಲ ಸೊನ್ನೆ. ಸೊಪ್ಪೇ ಚೆನ್ನಾಗಿ ಬಂದಿದೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು —

ತಿಂಗಳೊಳಗೆ ಹದಿನಾಲ್ಕು ಮೂಟೆ ಬೂಷ್ಟು ಹಿಡಿದವು. ಅವಳ ಮೇಲೆ ರೇಗಿದೆ: "ತೇವ ಇರೋದು ಗೊತ್ತಾಗ್ಲಿಲ್ವೇನೇ ನಿಂಗೆ?"

"ಗೊತ್ತಾಯ್ತು ಸಾಮಿ," ಎಂದಳು, ಕೈ ನಿಲ್ಲಿಸದೆ. "ಕಿವಿ ನಿಮ್ದೇ ಅಂದ್ರಲ್ಲ. ನೀವೇ ಕೇಳ್ಕಳಿ ಬುಡಿ."

ಅವಳ ಪಕ್ಕ ಕೂತಿದ್ದ ಬೆಟ್ಟದಪುರದ ನಿಂಗಮ್ಮ ಕಿಸಕ್ಕನೆ ನಕ್ಕಳು. "ಮೇಸ್ತ್ರಿ ಕಿವಿಗೆ ಒಂದ್ ಜೊತೆ ವಾಲೆ ಮಾಡ್ಸಿಕೊಡವಾ ಕಣಕ್ಕ, ಆಗ್ಲಾದ್ರೂ ಕೇಳಿಸ್ತದೇನೋ!"

ಮೂಟೆ ಕೆಟ್ಟದ್ದಕ್ಕೆ ಕಾರಣ 'ಮಳೆ' ಎಂದು ಬರೆದೆ. ಆ ವಾರ ಒಂದು ಹನಿಯೂ ಬಿದ್ದಿರಲಿಲ್ಲ.

ನಾಲ್ಕು ವರ್ಷ ಅವಳು ಒಂದು ಕಟ್ಟನ್ನೂ ಪಕ್ಕಕ್ಕೆ ಎಸೆಯಲಿಲ್ಲ. ಇವತ್ತು ಬೆಳಿಗ್ಗೆ, ಎಲ್ಲರ ಎದುರು, ಮ್ಯಾನೇಜರಿಗೆ ಹೇಳಿದೆ: ಆ ವಿದ್ಯೆ ಕೆಂಚಮ್ಮನದು, ನಾನು ಸುಳ್ಳು ಹೇಳಿ ಮೇಸ್ತ್ರಿಯಾದೆ. "ಹಳೇ ಕಥೆ ಬಿಡ್ರೀ," ಎಂದರು. ಮೇಸ್ತ್ರಿಗಿರಿ ಬೇಡವೆಂದು ಬರೆದುಕೊಟ್ಟೆ. ಅದು ಅವಳಿಗೆ ಸಿಗಲಿಲ್ಲ. ಸಂಜೆಗೆ ಇನ್ನೊಬ್ಬ ಗುಮಾಸ್ತನಿಗೆ ಕೊಟ್ಟರು.

ಹುಣಸೂರು, ಪಿರಿಯಾಪಟ್ಟಣ ಎರಡೂ ಕಡೆ ಹುಡುಕಿದರೂ ಅಂಥ ಕೆಲಸಗಾತಿ ಸಿಗಳು. ಅವಳ ಜೊತೆ ಕೆಲಸ ಮಾಡಿದೆನೆಂದು ಹೆಮ್ಮೆಯಿಂದಲೇ ಬರೆಯುತ್ತೇನೆ. ಅವಳಿಗೂ ತನ್ನ ಕೆಲಸದ ಮೇಲೆ ಹೆಮ್ಮೆಯಿತ್ತು — ಅದನ್ನು ಎರಡೇ ಮಾತಿನಲ್ಲಿ ಕೊಂದವನು ನಾನು. ಇವತ್ತು ನಾನು ನಿಜ ಹೇಳುವಾಗಲೂ ಅವಳು ತಲೆಯೆತ್ತಲಿಲ್ಲ. ಕೈಗೆ ಬಂದ ಸೊಪ್ಪನ್ನು ಕಿವಿಗೆ ಹಿಡಿಯದೆ ಹಾಗೆಯೇ ಕಟ್ಟುತ್ತಿದ್ದಳು.