ಕೊನೆಯ ಕಂತು, ಕೊನೆಯ ಹೋಳಿಗೆ

ಫ್ರಿಜ್ಜಿನ ಸದ್ದು ನಿಂತರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚಿನ ಈ ಮನೆಯಲ್ಲಿ ಮಧ್ಯಾಹ್ನ ಕರೆಂಟು ಹೋಯಿತು. ಗುಂಯ್ ಎನ್ನುತ್ತಿದ್ದ ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಓದುತ್ತಿದ್ದ ಪುಸ್ತಕ ಮಡಚಿಟ್ಟು, ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಮತ್ತೆ ಅಡುಗೆಮನೆಗೆ ಸುಮ್ಮಸುಮ್ಮನೆ ಓಡಾಡತೊಡಗಿದೆ. ಈಗ ಅಪ್ಪ 'ಶ್' ಎನ್ನುತ್ತಾನೆ, ಅಮ್ಮ ಗಂಟಲು ಸರಿಮಾಡಿಕೊಳ್ಳುತ್ತಾಳೆ, ನಾಟಕ ಶುರುವಾಗುತ್ತದೆ ಎಂದು ಮೈಯೆಲ್ಲ ಕಾಯುತ್ತಿತ್ತು. ಹಳೆಯ ಮನೆಯೊಂದನ್ನು ಬಿಟ್ಟು ಬಂದ ನಿಮಗೂ ಇಂಥದ್ದೊಂದು ಸದ್ದು ಇದ್ದೀತು.

ನಾನು ಚಿಕ್ಕವಳಿದ್ದಾಗ ನಾವಿದ್ದ ವುಡ್‌ಲ್ಯಾಂಡ್ ಹಿಲ್ಸಿನ ಬಾಡಿಗೆ ಮನೆಯಲ್ಲಿ ಫ್ರಿಜ್ಜು ಸುಮ್ಮನಾಗುತ್ತಿದ್ದದ್ದು ನಾಟಕಕ್ಕಾಗಿ ಮಾತ್ರ. ವಾರವೆಲ್ಲ ಆಫೀಸಿನಲ್ಲಿ ಕೋಡ್ ಬರೆಯುತ್ತಿದ್ದ ಅಪ್ಪ, ಶನಿವಾರ ಬಂತೆಂದರೆ ನಾಟಕಕಾರ. ಕಿವಿಯಲ್ಲಿ ಕೇಳುವ ನಾಟಕ. ಕಂತು ಕಂತಾಗಿ ರೆಕಾರ್ಡ್ ಮಾಡಿ ಪರಿಚಯದ ಕನ್ನಡದವರಿಗೆ ಕಳಿಸುತ್ತಿದ್ದ. ಅವರು ಇಂಡಿಯನ್ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಬೇಳೆ, ಸೊಪ್ಪು ತರಲು ಹೋಗುವಾಗ ಕಾರಿನಲ್ಲಿ ಹಾಕಿಕೊಳ್ಳುತ್ತಿದ್ದರು. ಸ್ಟುಡಿಯೋ ಎಂದರೆ ಅಮ್ಮನ ಬಟ್ಟೆಗಳ ಕಿರುಕೋಣೆ. ತೂಗುಹಾಕಿದ ಸೀರೆಗಳ ನಡುವೆ ಒಂದು ಮೈಕು, ನುಸಿಗುಳಿಗೆಯ ವಾಸನೆ, ಉಸಿರುಗಟ್ಟುವ ಸೆಕೆ. ಫ್ರಿಜ್ಜಿನ ಗುಂಯ್ ಅಲ್ಲಿಗೂ ಕೇಳುತ್ತದೆಂದು ಅಪ್ಪ ಅದನ್ನು ಆಫ್ ಮಾಡಿ, ಕಾರಿನ ಕೀಯನ್ನು ಅದರೊಳಗೆ ಮೊಸರಿನ ಡಬ್ಬಿಯ ಮೇಲೆ ಇಡುತ್ತಿದ್ದ. ಹೊರಗೆ ಹೊರಡಬೇಕಾದರೆ ಕೀ ಬೇಕು, ಕೀ ಬೇಕಾದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಕು, ತೆಗೆದರೆ ಆನ್ ಮಾಡುವ ನೆನಪಾಗುತ್ತದೆ. ಈ ಉಪಾಯದ ಮೇಲೆ ಅಪ್ಪನಿಗಿದ್ದ ಹೆಮ್ಮೆ ನಾಟಕದ ಮೇಲೂ ಇರಲಿಲ್ಲ.

ನಾಟಕದಲ್ಲಿ ವಿಜ್ಞಾನಿಯೊಬ್ಬಳು ಕಳೆದ ದಿನವನ್ನು ಅಳಿಸಿ ಹೊಸದಾಗಿ ಬರೆಯುವ ಯಂತ್ರ ಕಟ್ಟುತ್ತಾಳೆ. ತೀರಿಕೊಂಡ ತಾಯಿಯನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಕಾಲವನ್ನು ತಿದ್ದುತ್ತಾಳೆ. ಪ್ರತಿ ಸಲವೂ ತಾಯಿ ಉಳಿಯುತ್ತಾಳೆ, ಬೇರೇನೋ ಮಾಯವಾಗುತ್ತದೆ: ಒಮ್ಮೆ ಮನೆ, ಒಮ್ಮೆ ಊರು, ಒಮ್ಮೆ ಹೆತ್ತ ಮಗಳೇ. ವಿಜ್ಞಾನಿ ನಮ್ಮಮ್ಮ, ಮಾಯವಾಗುವ ಮಗಳು ನಾನು. ತಾಯಿಯ ಪಾತ್ರ ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿಗೆ, ಅಂದರೆ ಅಮ್ಮನ ಅವ್ವನಿಗೆ ಬಂತು. ಅಪ್ಪ ಬರೆದದ್ದನ್ನು ಅಜ್ಜಿ ಒಂದು ದಿನವೂ ಸರಿಯಾಗಿ ಹೇಳಲಿಲ್ಲ. ಮಗಳು ಕಾಲ ದಾಟಿ ಏದುಸಿರು ಬಿಡುತ್ತ ಬಂದು ನಿಂತರೆ, "ಯಂತ್ರಾ ಆಮ್ಯಾಲ. ಮೊದ್ಲ ಉಂಡಿಯೇನವ್ವಾ?" ಎಂದುಬಿಡುತ್ತಿದ್ದಳು. ಅಪ್ಪ ತಲೆ ಚಚ್ಚಿಕೊಂಡರೂ ಅದನ್ನು ತೆಗೆಯುತ್ತಿರಲಿಲ್ಲ. ಆಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನಾನು ಈಗ ಬರೆಯುತ್ತಿರುವ ಈ ಕನ್ನಡ, ಆ ಸೀರೆಗಳ ಕೆಳಗೆ ಅಜ್ಜಿಯ ತೊಡೆಯ ಮೇಲೆ ಕೂತು ಕಲಿತದ್ದು.

ಊರಿಗೆ ಹೊರಡುವ ಮುಂಚೆ ಅಜ್ಜಿ ಎರಡು ದಿನ ಒಲೆಯ ಮುಂದೆ ನಿಂತು ಹೋಳಿಗೆ ಮಾಡಿ, ನಡುನಡುವೆ ಕಾಗದ ಇಟ್ಟು ಫ್ರೀಜರು ತುಂಬಿಸಿದಳು. ನಾವು ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದು ಅದನ್ನೇ ಉಂಡೆವು. ಕೆಲವು ತಿಂಗಳಲ್ಲಿ ಅಜ್ಜಿ ಊರಲ್ಲಿ ತೀರಿಹೋದಳು. ಗ್ರೀನ್ ಕಾರ್ಡಿನ ಪೇಪರುಗಳು ಅರ್ಧದಲ್ಲಿದ್ದವು. ದೇಶ ಬಿಟ್ಟರೆ ವಾಪಸು ಬರುವುದು ಕಷ್ಟವೆಂದು ಅಮ್ಮ ಹೋಗಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಕೂತು ಅವ್ವನ ಮುಖ ನೋಡಿದಳು. ಅವತ್ತಿನಿಂದ, ಉಳಿದಿದ್ದ ಮೂರು ಹೋಳಿಗೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ನಾಟಕ ಮಾತ್ರ ಕೊನೆಯ ಕಂತಿನಲ್ಲಿ ನಿಂತುಬಿಟ್ಟಿತು. ಕೊನೆಯಲ್ಲಿ ತಾಯಿಯೇ ಮಗಳಿಗೆ ಸಾಕು ಎನ್ನಬೇಕಿತ್ತು, ಹಾಗನ್ನಲು ಅಜ್ಜಿ ಇರಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸವಾಗಿ, ಮನೆ ಖಾಲಿ ಮಾಡುವ ದಿನ ಬಂತು. ಗೋಡೆಗಳು ಬೋಳಾಗಿ, ಕಾಲಿಟ್ಟಲ್ಲೆಲ್ಲ ಪೆಟ್ಟಿಗೆಗಳಾಗಿ, ಯಾರಿಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಅಪ್ಪ ಫ್ರಿಜ್ಜು ಆಫ್ ಮಾಡಿ, ಕೀ ಒಳಗಿಟ್ಟು, ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿದ. ಅಜ್ಜಿಯ ದನಿ: "ಸಾಕವ್ವಾ, ಇನ್ನ ನನ್ನ ಬಿಡು."

ಅಮ್ಮ ಹೆಡ್‌ಫೋನ್ ಕಿತ್ತು ತೆಗೆದಳು. "ಇದನ್ನ ಅವ್ವ ಯಾವಾಗ ಅಂದಿದ್ಲು?"

"ಬೇರೆ ಬೇರೆ ಕಂತಿಂದ ಒಂದೊಂದೇ ಮಾತು ತಗೊಂಡು ಜೋಡಿಸ್ದೆ ಕಣೇ. ಗೊತ್ತೇ ಆಗಲ್ಲ ನೋಡು."

"ನಂಗ ಗೊತ್ತಾಗ್ತದ. ನನ್ನ ಬಿಡು ಅಂತ ನಮ್ಮವ್ವ ಎಂದೂ ಅಂದಿಲ್ಲ. ಅಕಿ ಬಾಯಾಗ ನೀವು ಅನ್ನಸಬ್ಯಾಡ್ರಿ."

ಹಾಗಾದರೆ ನಾಟಕವೇ ಮುಗಿಯುವುದಿಲ್ಲ ಎಂದು ಅಪ್ಪ, ಮುಗಿಯದಿದ್ದರೆ ಬೇಡ ಎಂದು ಅಮ್ಮ. ಕೊನೆಗೆ ಅಪ್ಪ ಸಿಟ್ಟಿನಿಂದ ಡ್ರಾಯರಿನಲ್ಲಿದ್ದ ಇನ್ನೊಂದು ಕೀ ತೆಗೆದುಕೊಂಡು, ಹೊಸ ಮನೆಯ ಕೆಲಸವಿದೆಯೆಂದು ಸ್ಯಾನ್ ಡಿಯೇಗೋಕ್ಕೆ ಹೊರಟುಹೋದ. ಅಮ್ಮ ಪಾತ್ರೆಗಳನ್ನು ಸುತ್ತಿಡುವುದು, ಮತ್ತೆ ಬಿಚ್ಚುವುದು, ಇದನ್ನೇ ಮಾಡಿದಳು. ಆಗಸ್ಟಿನ ಬಿಸಿಲಿಗೆ ಮನೆ ಬೇಯುತ್ತಿತ್ತು. ಸಂಜೆ ಚಹಾಕ್ಕೆ ಹಾಲು ತೆಗೆಯಲು ಹೋದಾಗ ಒಳಗೆ ದೀಪ ಹತ್ತಲಿಲ್ಲ. ಮೊಸರಿನ ಡಬ್ಬಿಯ ಮೇಲೆ ಕಾರಿನ ಕೀ ಹಾಗೇ ಇತ್ತು, ಮುಟ್ಟಿದರೆ ತಣ್ಣಗಿರಲಿಲ್ಲ.

ಫ್ರೀಜರಿನಲ್ಲಿ ಹೋಳಿಗೆ ಮೆತ್ತಗಾಗಿ ಕಾಗದಕ್ಕೆ ಅಂಟಿಕೊಂಡಿದ್ದವು. ಅಮ್ಮ ಕಿರುಚುತ್ತಾಳೆಂದು ನಾನು ಹೆದರಿದ್ದೆ. "ಪುಟ್ ದೆಮ್ ಬ್ಯಾಕ್, ಅಮ್ಮಾ. ದೇ ವಿಲ್ ಫ್ರೀಜ್ ಅಗೇನ್," ಎಂದೆ. ಅಮ್ಮ ಅವನ್ನು ಕಾಗದದಿಂದ ಒಂದೊಂದಾಗಿ ಬಿಡಿಸತೊಡಗಿದಳು.

"ಕರಗ್ಯಾವವ್ವಾ. ಮತ್ತ ಇಟ್ಟರ ಕೆಡ್ತಾವ. ತಾಟು ತಗೊಂಬಾ."

ಹಂಚು ಇಟ್ಟು, ತುಪ್ಪ ಹಾಕಿ ಬಿಸಿ ಮಾಡಿದಳು. ಏಲಕ್ಕಿ, ಬೆಲ್ಲ, ಸುಟ್ಟ ತುಪ್ಪದ ವಾಸನೆ ಆ ಬೋಳು ಮನೆಯನ್ನೆಲ್ಲ ತುಂಬಿತು. ಅಪ್ಪ ಅದೇ ಹೊತ್ತಿಗೆ ಬಾಗಿಲು ತೆಗೆದು, ತಟ್ಟೆಗಳನ್ನು ಕಂಡು, ಫ್ರಿಜ್ಜು ಕಂಡು, ಎಲ್ಲ ಅರ್ಥವಾಗಿ ಅಲ್ಲೇ ನಿಂತ. ಅಮ್ಮ ಅವನಿಗೂ ಒಂದು ಬಡಿಸಿದಳು. ಪೆಟ್ಟಿಗೆಗಳ ಮೇಲೆ ಕೂತು ಮೂವರೂ ಒಂದೊಂದು ಉಂಡೆವು. ನನಗೆ ಅಳು ಬರುತ್ತಿತ್ತು, ಆದರೂ ಬೆರಳು ನೆಕ್ಕಿದೆ, ಅಷ್ಟು ರುಚಿಯಾಗಿತ್ತು. ಅಪ್ಪ ಎದ್ದು ಫ್ರಿಜ್ಜಿನ ಸ್ವಿಚ್ಚಿನ ಕಡೆ ಹೋದ.

"ಇರ್ಲಿ ಬಿಡ್ರಿ, ಈಗ ಆನ್ ಮಾಡಬ್ಯಾಡ್ರಿ," ಎಂದಳು ಅಮ್ಮ. "ಮೈಕ್ ಹಚ್ರಿ."

ಕಿರುಕೋಣೆಯಲ್ಲಿ ಸೀರೆಗಳೆಲ್ಲ ಪೆಟ್ಟಿಗೆ ಸೇರಿದ್ದವು, ಒಂದು ಮಾತ್ರ ಉಳಿದಿತ್ತು. ಅಮ್ಮ ಅದರ ಸೆರಗು ಹಿಡಿದು, ಅಪ್ಪ ಬರೆದದ್ದನ್ನು ನೋಡದೆ ಹೇಳಿದಳು: "ಅವ್ವಾ, ನಾ ಬರಲಿಲ್ಲ. ಬರ್ಲಿಕ್ಕೆ ಆಗ್ಲಿಲ್ಲ. ನಿನ್ನ ಹೋಳಿಗಿ ಉಂಡೀವಿ. ನೀ ಹೋಗಿ ಬಾ."

ಜೋಡಿಸಿದ್ದ ಅಜ್ಜಿಯ ಮಾತನ್ನು ಅಪ್ಪ ಅವತ್ತೇ ಅಳಿಸಿದ. ಆ ಜಾಗದಲ್ಲಿ ಏನನ್ನೂ ತುಂಬಲಿಲ್ಲ. ಕೊನೆಯಲ್ಲಿ ಆಡಿಯೋ ಕಟ್ಟಾಗಿದೆಯಲ್ಲ ಎಂದು ಎಷ್ಟೋ ಅಂಕಲ್ಲುಗಳು ಫೋನ್ ಮಾಡಿದ್ದರು. ಆ ಮನೆಯನ್ನು ಆಮೇಲೆ ಕೆಡವಿದರಂತೆ. ನಾನು ನೋಡಲು ಹೋಗಿಲ್ಲ.

ಮೊನ್ನೆ ಕರೆಂಟು ಬರುವ ಮುಂಚೆಯೇ ಫೋನಿನಲ್ಲಿ ಆ ಕಂತು ಹಾಕಿ ಕೇಳಿದೆ. ಅಮ್ಮ "ಹೋಗಿ ಬಾ" ಎಂದ ಮೇಲೆ ಅಪ್ಪ ಖಾಲಿ ಬಿಟ್ಟ ಜಾಗ ಬರುತ್ತದೆ. ಅಲ್ಲಿ ಫ್ರಿಜ್ಜಿನ ಸದ್ದೂ ಇಲ್ಲ. ಏನೂ ಕೇಳುವುದಿಲ್ಲವೆಂದು ಗೊತ್ತಿದ್ದೂ ನಾನು ಪ್ರತಿ ಸಲ ಉಸಿರು ಬಿಗಿಹಿಡಿದು, ಉಂಡಿಯೇನವ್ವಾ ಎಂದು ಅಜ್ಜಿ ಕೇಳಲಿ ಎಂದು ಕಾಯುತ್ತೇನೆ.